ಮಾದರಿ ಬ್ರೇಕ್ ವ್ಯಾನ್

ಮಾದರಿ ಬ್ರೇಕ್ ವ್ಯಾನ್ ಎಂಬುದು ಸರಕು ರೈಲಿನ ಕೊನೆಯಲ್ಲಿ ಜೋಡಿಸುವ ಗಾರ್ಡ್ ವಾಹನದ ಪುಟ್ಟ ಪ್ರತಿಕೃತಿಯಾಗಿದೆ. ಉತ್ತರ ಅಮೆರಿಕದಲ್ಲಿ ಇಂತಹ ವಾಹನವನ್ನು ಕಬೂಸ್ ಎನ್ನುತ್ತಾರೆ. ಹವ್ಯಾಸಿಗಳು ಇವನ್ನು ಸಂಗ್ರಹಿಸಿ, ಮನೆಯಲ್ಲಿ ನಿರ್ಮಿಸಿದ ಕಿರು ರೈಲುಮಾರ್ಗದಲ್ಲಿ ಓಡಿಸುತ್ತಾರೆ.

ಮಹತ್ವ
ನಿಜವಾದ ರೈಲಿನಲ್ಲಿ ಕೊನೆಯ ವಾಹನದ ಹಿಂಬದಿಯ ಫಲಕ ಹಾಗೂ ಕೆಂಪು ದೀಪಗಳು ರೈಲು ಪೂರ್ಣವಾಗಿ ಬಂದಿದೆ ಎಂಬುದಕ್ಕೆ ಸಾಕ್ಷಿ. ಅವು ಕಾಣದಿದ್ದರೆ ಕೆಲವು ವ್ಯಾಗನ್‌ಗಳು ಕಳಚಿಕೊಂಡು ಮಾರ್ಗದಲ್ಲೇ ಉಳಿದಿರಬಹುದು. ಆದುದರಿಂದ ಹಿಂದೆ ಬರುವ ರೈಲಿಗೆ ಅನುಮತಿ ನೀಡುವುದಿಲ್ಲ. ಮಾದರಿಯಲ್ಲಿಯೂ ವ್ಯಾನಿನ ಎರಡು ಚಕ್ರಗಳ ನಡುವೆ ಸಣ್ಣ ರೆಸಿಸ್ಟರ್ ಜೋಡಿಸಿದರೆ, ಹಳಿಯ ವಿದ್ಯುತ್ ಸಂವೇದಕವು ಕೊನೆಯ ವಾಹನದ ಇರುವಿಕೆಯನ್ನು ಗುರುತಿಸುತ್ತದೆ.

ಅಳತೆ
ಹೆಚ್ಚು ಪ್ರಚಲಿತವಾದ ಎಚ್‌ಒ ಪ್ರಮಾಣ 1:87. ಇದರ ಹಳಿಗಳ ಅಂತರ 16.5 ಮಿ.ಮೀ. ಇದು 1435 ಮಿ.ಮೀ. ಗೇಜಿಗೆ ಹೊಂದುತ್ತದೆ. ಭಾರತದ 1676 ಮಿ.ಮೀ. ಬ್ರಾಡ್ ಗೇಜಿಗೆ ಅದೇ ಪ್ರಮಾಣದಲ್ಲಿ ಸುಮಾರು 19.3 ಮಿ.ಮೀ. ಅಂತರ ಬೇಕಾಗುತ್ತದೆ. ಸವಣೂರು ತಾಲ್ಲೂಕಿನ ಯಲವಿಗಿಯ ಮೂಲಕ ಸಾಗುವ ಹುಬ್ಬಳ್ಳಿ–ಹಾವೇರಿ ಮಾರ್ಗವು ಇಂದು ಬ್ರಾಡ್ ಗೇಜ್ ಆಗಿದ್ದರೂ ಹಿಂದೆ ಮೀಟರ್ ಗೇಜ್ ಆಗಿತ್ತು. ಆ ಕಾಲದ ದೃಶ್ಯವನ್ನು ಮರುಸೃಷ್ಟಿಸಲು 12 ಮಿ.ಮೀ. ಹಳಿ ಸೂಕ್ತ. ಹೀಗಾಗಿ ವ್ಯಾನ್ ಕೊಳ್ಳುವ ಮೊದಲೇ ಮಾರ್ಗ ಮತ್ತು ಕಾಲಘಟ್ಟಗಳನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ.