ಸೊಪ್ಪು ತಿಂದರೂ ಸುಸ್ತೇಕೆ?

ಬೆಳಿಗ್ಗೆ ಏಳುವಾಗಲೇ ಸುಸ್ತು. ನೀರಿನ ಕೊಡ ಎತ್ತಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. "ವಯಸ್ಸಾಯ್ತಲ್ಲ, ಇನ್ನೇನು" ಅಂತ ನಿಮಗೆ ನೀವೇ ಸಮಾಧಾನ ಹೇಳಿಕೊಳ್ಳುತ್ತಿದ್ದೀರಾ? ಸ್ವಲ್ಪ ತಾಳಿ. ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳಿ. ಕೆಂಪಗೆ, ನುಣ್ಣಗಾಗಿ, ಖಾರ ತಾಕಿದರೆ ಉರಿಯುತ್ತದೆಯೇ? ಕೈಕಾಲು ಆಗಾಗ ಜೋಮು ಹಿಡಿಯುತ್ತದೆಯೇ? ಮರೆವು ಹೆಚ್ಚಾಗಿದೆಯೇ? ಹಾಗಿದ್ದರೆ ಜೀವಸತ್ವದ ಕೊರತೆಯಿಂದ ಬಂದ ರಕ್ತಹೀನತೆ ಇರಬಹುದು.

ರಕ್ತಹೀನತೆ ಅಂದಕೂಡಲೇ ನಮಗೆಲ್ಲ ಕಬ್ಬಿಣದ ಮಾತ್ರೆ ನೆನಪಾಗುತ್ತದೆ. ಕಬ್ಬಿಣ ಬೇಕು, ನಿಜ. ಆದರೆ ಕೆಂಪು ರಕ್ತಕಣ ಬಲಿಯಬೇಕಾದರೆ ಫೋಲಿಕ್ ಆಮ್ಲ, ಬಿ-12 ಎಂಬ ಎರಡು ಜೀವಸತ್ವಗಳೂ ಬೇಕು. ಇವು ಕೊರತೆಯಾದಾಗ ಬರೀ ಕಬ್ಬಿಣದ ಮಾತ್ರೆ ನುಂಗಿದರೆ ಗುಣ ಕಾಣದು.

ಫೋಲಿಕ್ ಆಮ್ಲದ ಕತೆ ಶುರುವಾದದ್ದು ನಮ್ಮ ದೇಶದಲ್ಲೇ. 1928ರಲ್ಲಿ ಬೊಂಬಾಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಅಲ್ಲಿನ ಬಡ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡರು. ಆ ಸತ್ವವೇ ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು.

ಇದು ನಮ್ಮ ಹಿತ್ತಲಲ್ಲೇ ಇದೆ. ದಂಟು, ಮೆಂತ್ಯ, ಪಾಲಕ್ ಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆ – ಇವುಗಳಲ್ಲಿ ಧಾರಾಳ. ಆದರೆ ಬಹಳ ಹೊತ್ತು ಬೇಯಿಸಿದರೆ ಹಾಳಾಗುತ್ತದೆ, ಬೇಯಿಸಿದ ನೀರಿಗೂ ಇಳಿಯುತ್ತದೆ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಬಸ್ಸಾರು ಮಾಡಿ.

ಬಿ-12ರ ವಿಷಯವೇ ಬೇರೆ. ಅದು ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಸಿಗುವಂಥದ್ದು. ದೊಡ್ಡವರಿಗೆ ದಿನಕ್ಕೆ 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಬೇಕು, 250 ಮಿ.ಲೀ. ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಈಗ ನಿಮ್ಮ ಮನೆಯ ಲೆಕ್ಕ ಹಾಕಿ. ಹಾಲು ಮಕ್ಕಳಿಗೆ, ಗಟ್ಟಿ ಮೊಸರು ಯಜಮಾನರಿಗೆ, ಕೊನೆಗೆ ಊಟಕ್ಕೆ ಕೂತ ನಿಮಗೆ ಉಳಿದದ್ದು ನೀರುಮಜ್ಜಿಗೆ!

ಬಿ-12 ಯಕೃತ್ತಿನಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುವುದರಿಂದ ಕೊರತೆ ತಡವಾಗಿ ತೋರುತ್ತದೆ. ಅಸಡ್ಡೆ ಮಾಡಿದರೆ ನರಗಳಿಗಾದ ಪೆಟ್ಟು ಶಾಶ್ವತವಾಗಿ ಉಳಿಯಬಹುದು. ಹಾಲೂಡಿಸುವ ತಾಯಿಗೆ ಕೊರತೆಯಿದ್ದರೆ ಕೂಸಿನ ಬೆಳವಣಿಗೆಯೂ ಕುಂಠಿತವಾದೀತು.

ಆದ್ದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬಸುರಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಬಸುರಿಯರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಕಾರಣ ಯಾವುದೆಂದು ವೈದ್ಯರು ಹೇಳಲಿ. ನೀವಾಗಿಯೇ ಅಂಗಡಿಯಿಂದ ಫೋಲಿಕ್ ಆಮ್ಲವೊಂದನ್ನೇ ತಂದು ನುಂಗಬೇಡಿ. ರಕ್ತ ಸುಧಾರಿಸಿದಂತೆ ಕಂಡರೂ ಬಿ-12ರ ಕೊರತೆ ಒಳಗೊಳಗೇ ನರಗಳನ್ನು ಕೆಡಿಸುತ್ತಿರುತ್ತದೆ. ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಅದರಿಂದಲೂ ಬಿ-12 ಇಳಿಯುವುದುಂಟು. ಕೊರತೆ ಹೆಚ್ಚಿದ್ದರೆ ಊಟವೊಂದೇ ಸಾಲದು; ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ. ಸುಸ್ತು ಹೋಯಿತೆಂದು ನಡುವೆಯೇ ಬಿಡಬೇಡಿ.

ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಸಂಕೋಚ ಬೇಡ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಮನೆಯವರಿಗೆಲ್ಲ ಬಡಿಸಿ ಉಳಿದದ್ದನ್ನು ಉಣ್ಣುವುದು ತ್ಯಾಗವೆಂದು ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ನೀವು ಹಾಸಿಗೆ ಹಿಡಿದರೆ ಬಡಿಸುವವರು ಯಾರು? ಇವತ್ತು ಮೊಸರು ಹಂಚುವಾಗ ಮೊದಲು ಒಂದು ಬಟ್ಟಲು ನಿಮ್ಮ ಪಾಲಿಗೆ ಎತ್ತಿಡಿ.