ಪಕ್ಕೆಲುಬಿಗೆ ಸವರುವ ಪುಡಿ: ಒಳಗೆ ಹೋಗುವುದೇನು, ಹೊರಗೆ ಉಳಿಯುವುದೇನು?



ಅಡುಗೆಮನೆಯ ರಸಾಯನ ವಿಜ್ಞಾನವನ್ನು ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಂಡಿತು. "ಮಸಾಲೆ ಸವರಿ ರಾತ್ರಿಯಿಡೀ ಇಟ್ಟರೆ ಅದು ಎಲುಬಿನವರೆಗೂ ಇಳಿಯುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಇದು ನಿಜವೇ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಉಪ್ಪು ಇಳಿಯುತ್ತದೆ. ಮಸಾಲೆಯ ಉಳಿದ ಭಾಗ ಹೆಚ್ಚುಕಡಿಮೆ ಹೊರಗೇ ನಿಲ್ಲುತ್ತದೆ. ಇದಕ್ಕೆ ಕಾರಣವೇನು, ಇದನ್ನು ತಿಳಿದರೆ ಪುಡಿಯನ್ನು ಹೇಗೆ ಚೆನ್ನಾಗಿ ಮಾಡಿಕೊಳ್ಳಬಹುದು ಎಂಬುದೇ ಈ ಲೇಖನದ ವಿಷಯ.

ಉದಾಹರಣೆಗೆ ಅಮೆರಿಕದ ಒಂದು ಅಡುಗೆಯನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ಪುಡಿಯೇ ಮುಖ್ಯ ಪಾತ್ರಧಾರಿ, ರಸವಿಲ್ಲ, ಗೊಜ್ಜಿಲ್ಲ. ಹಾಗಾಗಿ ಪುಡಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಮಾಂಸ ತಿನ್ನದ ಓದುಗರೂ ಪುಟ ತಿರುಗಿಸಬೇಕಾಗಿಲ್ಲ. ಕೊನೆಯಲ್ಲಿರುವ ಪ್ರಯೋಗಕ್ಕೆ ಬೇಕಾದದ್ದು ಆಲೂಗಡ್ಡೆ ಮಾತ್ರ.

ಮೆಂಫಿಸ್ ನಗರದ 'ಒಣ' ಪಕ್ಕೆಲುಬು

ಅಮೆರಿಕದ ಟೆನೆಸಿ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಡದ ಮೇಲೆ ಮೆಂಫಿಸ್ ಎಂಬ ನಗರವಿದೆ. ಹಂದಿಯ ಪಕ್ಕೆಲುಬನ್ನು ಸುಟ್ಟು ಬೇಯಿಸುವುದಕ್ಕೆ ಅದು ಹೆಸರುವಾಸಿ. 1978ರಲ್ಲಿ ಆರಂಭವಾದ ಅಲ್ಲಿಯ ಬಾರ್ಬೆಕ್ಯೂ ಸ್ಪರ್ಧೆ ಬಹಳ ಪ್ರಸಿದ್ಧವಾಯಿತು. ಅಲ್ಲಿನ ಹೋಟೆಲುಗಳಲ್ಲಿ ಪಕ್ಕೆಲುಬು ಕೇಳಿದರೆ "ಒದ್ದೆಯೋ, ಒಣವೋ?" ಎಂದು ವಿಚಾರಿಸುವುದುಂಟು. ಒದ್ದೆ ಎಂದರೆ ಸಿಹಿ-ಹುಳಿ ಸಾಸ್ ಬಳಿದದ್ದು. ಒಣ ಎಂದರೆ ಬರೀ ಮಸಾಲೆ ಪುಡಿ ಸವರಿದ್ದು. ಈ ಪುಡಿಗೆ ಇಂಗ್ಲಿಷಿನಲ್ಲಿ 'ಡ್ರೈ ರಬ್' ಎನ್ನುತ್ತಾರೆ.

ಒಣ ಪಕ್ಕೆಲುಬನ್ನು ಜನಪ್ರಿಯಗೊಳಿಸಿದವರಲ್ಲಿ ಚಾರ್ಲಿ ವರ್ಗೋಸ್ ಅವರ ಹೆಸರು ಮುಖ್ಯವಾದದ್ದು. ಗ್ರೀಕ್ ಮೂಲದ ಕುಟುಂಬದ ಇವರು 1948ರಲ್ಲಿ ಮೆಂಫಿಸ್‌ನಲ್ಲಿ 'ರಾಂಡೆವೂ' ಎಂಬ ಹೋಟೆಲನ್ನು ತೆರೆದರು. ಅಲ್ಲಿನ ಕ್ರಮವನ್ನು ಗಮನಿಸಿ. ಮಾಂಸವನ್ನು ಇದ್ದಿಲಿನ ಮೇಲೆ ಸುಡುತ್ತಾರೆ, ನಡುನಡುವೆ ವಿನೆಗರ್ ಬೆರೆಸಿದ ನೀರನ್ನು ಹಚ್ಚುತ್ತಾರೆ, ಬೆಂದ ಮೇಲೆ ಕೊನೆಯಲ್ಲಿ ಪುಡಿ ಉದುರಿಸುತ್ತಾರೆ. ರಾತ್ರಿಯಿಡೀ ನೆನೆಸುವುದೇ ರುಚಿಯ ಗುಟ್ಟಾಗಿದ್ದರೆ, ಕೊನೆಯ ಗಳಿಗೆಯಲ್ಲಿ ಉದುರಿಸಿದ ಪುಡಿಗೆ ಅಷ್ಟು ಹೆಸರು ಬರಲು ಸಾಧ್ಯವಿತ್ತೇ? ನಾವು ಯೋಚಿಸಬೇಕಾದದ್ದು ಇಲ್ಲಿಂದಲೇ.

ಉಪ್ಪಿಗೆ ಮಾತ್ರ ಏಕೆ ದಾರಿ?

ಮಾಂಸದ ತೂಕದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ನೀರು. ಅದರ ಮೇಲೆ ಉಪ್ಪು ಸವರಿದಾಗ ಮೊದಲು ನೀರು ಹೊರಗೆ ಬರುತ್ತದೆ. ಇದು ನೀವು ಪಾಠದಲ್ಲಿ ಓದಿರುವ ಅಭಿಸರಣ. ಆ ನೀರಿನಲ್ಲಿ ಉಪ್ಪು ಕರಗಿ, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಬೇರ್ಪಡುತ್ತದೆ. ಈ ಅಯಾನುಗಳು ಬಹಳ ಚಿಕ್ಕವು, ನೀರಿನಲ್ಲಿ ಸಲೀಸಾಗಿ ಚಲಿಸಬಲ್ಲವು. ಆದ್ದರಿಂದ ಅವು ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಅಂದರೆ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಹರಡುತ್ತವೆ. ಇದು ವಿಸರಣೆ. ಒಳಗೆ ಹೋದ ಉಪ್ಪು ಸ್ನಾಯುವಿನ ಪ್ರೋಟೀನುಗಳನ್ನು ಸ್ವಲ್ಪ ಉಬ್ಬಿಸಿ, ಬೇಯುವಾಗ ನೀರು ಸೋರಿಹೋಗದಂತೆ ಹಿಡಿದಿಡಲು ನೆರವಾಗುತ್ತದೆ. ಹೀಗಾಗಿ ಉಪ್ಪು ರುಚಿಯನ್ನಷ್ಟೇ ಅಲ್ಲ, ಮೃದುತ್ವವನ್ನೂ ಕೊಡುತ್ತದೆ.

ಇನ್ನು ಮೆಣಸಿನಕಾಯಿಯನ್ನು ನೋಡೋಣ. ಅದರ ಕೆಂಪು ಬಣ್ಣಕ್ಕೆ ಮುಖ್ಯ ಕಾರಣ ಕ್ಯಾಪ್ಸಾಂತಿನ್, ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಕಾಳುಮೆಣಸಿನ ಖಾರ ಪೈಪರಿನ್‌ನಿಂದ ಬರುತ್ತದೆ. ಇವೆಲ್ಲ ಉಪ್ಪಿನ ಅಯಾನಿಗಿಂತ ಎಷ್ಟೋ ದೊಡ್ಡ ಅಣುಗಳು. ಇವು ಎಣ್ಣೆಯಲ್ಲಿ ಕರಗುತ್ತವೆ, ನೀರಿನಲ್ಲಿ ಕರಗುವುದು ಅತಿ ಕಡಿಮೆ. ನೀರಿನಿಂದ ತುಂಬಿದ ಮಾಂಸದೊಳಗೆ ಇವುಗಳಿಗೆ ದಾರಿ ಸಿಗುವುದು ಕಷ್ಟ. ಎಷ್ಟು ಹೊತ್ತು ಇಟ್ಟರೂ ಇವು ಮೇಲ್ಪದರದ ಕೆಲವು ಮಿಲಿಮೀಟರಿನಲ್ಲೇ ಉಳಿಯುತ್ತವೆ.

ಇಲ್ಲಿ ಒಂದು ಸಂದೇಹ ಬರಬಹುದು. ಹೊಗೆಯಲ್ಲಿ ಬೆಂದ ಪಕ್ಕೆಲುಬನ್ನು ಕತ್ತರಿಸಿದರೆ ಅಂಚಿನಲ್ಲಿ ನಸುಗೆಂಪು ಪಟ್ಟಿ ಕಾಣುತ್ತದಲ್ಲ, ಅದು ಮೆಣಸಿನಕಾಯಿಯ ಬಣ್ಣವಲ್ಲವೇ? ಅಲ್ಲ. ಸೌದೆ ಉರಿಯುವಾಗ ಹೊರಡುವ ನೈಟ್ರಿಕ್ ಆಕ್ಸೈಡ್‌ನಂತಹ ಅನಿಲಗಳು ಮಾಂಸದ ಮಯೋಗ್ಲೋಬಿನ್ ಎಂಬ ವಸ್ತುವಿನೊಡನೆ ಸೇರಿ ಉಂಟುಮಾಡುವ ಬಣ್ಣ ಅದು. ಪುಡಿ ಹಾಕದೆ ಹೊಗೆಯಲ್ಲಿ ಬೇಯಿಸಿದರೂ ಆ ಪಟ್ಟಿ ಮೂಡುತ್ತದೆ.

ಹೊರಗಿನ ಪದರಕ್ಕೂ ಬೆಲೆಯುಂಟು

ಹೊರಗೇ ಉಳಿಯುವುದಾದರೆ ಪುಡಿಯಿಂದ ಏನು ಪ್ರಯೋಜನ? ನಾಲಿಗೆಗೆ ಮೊದಲು ತಾಗುವುದು ಹೊರಮೈ ತಾನೇ! ಪಕ್ಕೆಲುಬಿನಲ್ಲಿ ಎಲುಬಿನ ಮೇಲಿನ ಮಾಂಸ ತೆಳ್ಳಗಿರುತ್ತದೆ. ಆದ್ದರಿಂದ ಪ್ರತಿ ತುತ್ತಿನಲ್ಲೂ ಹೊರಪದರದ ಪಾಲು ದೊಡ್ಡದು. ದಪ್ಪ ತುಂಡಿಗಿಂತ ಪಕ್ಕೆಲುಬಿಗೆ ಒಣ ಪುಡಿ ಚೆನ್ನಾಗಿ ಒಪ್ಪುವುದು ಇದೇ ಕಾರಣಕ್ಕೆ.

ಮಾಂಸ ಬೇಯುವಾಗ ಹೊರಮೈಯಲ್ಲಿ ಎರಡು ಹಂತಗಳುಂಟು. ಮೇಲ್ಮೈ ಒದ್ದೆಯಾಗಿರುವಷ್ಟು ಕಾಲ ನೀರು ಆವಿಯಾಗುತ್ತಲೇ ಅದನ್ನು ತಂಪಾಗಿಡುತ್ತದೆ. ಅಲ್ಲಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಮೇಲ್ಮೈ ಒಣಗಿದ ಮೇಲೆ ಉಷ್ಣತೆ ಏರುತ್ತದೆ. ಆಗ ಸಕ್ಕರೆಗಳೂ ಅಮೈನೋ ಆಮ್ಲಗಳೂ ಸೇರಿ ಕಂದು ಬಣ್ಣವನ್ನೂ ನೂರಾರು ಬಗೆಯ ಪರಿಮಳದ್ರವ್ಯಗಳನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ದೋಸೆ ಕೆಂಪಗಾಗುವುದು, ಕಾಫಿ ಬೀಜ ಹುರಿದಾಗ ಘಮ್ಮೆನ್ನುವುದು, ಇವುಗಳಲ್ಲೂ ಇದರ ಪಾತ್ರವಿದೆ. ಒಣಗಿದ ಪುಡಿ, ಕರಗಿದ ಕೊಬ್ಬು, ಮಾಂಸದ ರಸ ಎಲ್ಲ ಸೇರಿ ಕಟ್ಟುವ ಕಪ್ಪು-ಕಂದು ಪದರವೇ ಈ ಅಡುಗೆಯ ಹೆಗ್ಗಳಿಕೆ.

ಆದರೆ ಸಕ್ಕರೆಗೆ ಒಂದು ದೌರ್ಬಲ್ಯವಿದೆ. ಸುಮಾರು 160 ಡಿಗ್ರಿಯ ಮೇಲೆ ಅದು ಬೇಗ ಕಂದಾಗಿ, ಇನ್ನೂ ಬಿಸಿಯಾದರೆ ಕಹಿಯಾಗಿ ಸುಟ್ಟುಹೋಗುತ್ತದೆ. ಒಮ್ಮೆ ನಮ್ಮ ಮನೆಯ ಮಹಡಿಯ ಮೇಲೆ, ಸಕ್ಕರೆ ಬೆರೆತ ಪುಡಿ ಸವರಿದ ಪಕ್ಕೆಲುಬನ್ನು ನಾನು ನೇರವಾಗಿ ಕೆಂಡದ ಮೇಲಿಟ್ಟೆ. ಹತ್ತು ನಿಮಿಷದಲ್ಲಿ ಹೊರಗೆ ಇದ್ದಿಲು, ಒಳಗೆ ಹಸಿ! ಬಿ.ಎಸ್ಸಿ.ಯಲ್ಲಿ ರಸಾಯನ ವಿಜ್ಞಾನ ಓದಿದ್ದು ಅಂದು ನೆನಪಿಗೆ ಬರಲಿಲ್ಲ. ಅಂದಿನ ಊಟ ಮೊಸರನ್ನದಲ್ಲಿ ಮುಗಿಯಿತು. ಸಕ್ಕರೆಯಿರುವ ಪುಡಿಗೆ ಮಂದ ಉರಿಯೇ ಬೇಕು. ನೇರ ಕೆಂಡದ ಮೇಲೆ ಸುಡುವುದಾದರೆ, ಸಕ್ಕರೆಯಿಲ್ಲದ ಪುಡಿಯನ್ನು ಕೊನೆಯಲ್ಲಿ ಉದುರಿಸಬೇಕು.

ಮಂದ ಉರಿಗೆ ಇನ್ನೊಂದು ಕಾರಣವೂ ಉಂಟು. ಪಕ್ಕೆಲುಬಿನ ಸುತ್ತ ಕೊಲ್ಯಾಜನ್ ಎಂಬ ಗಟ್ಟಿ ಎಳೆಗಳು ಹೆಚ್ಚು. ಅವು ಕರಗಿ ಮೃದುವಾದ ಜೆಲಾಟಿನ್ ಆಗಲು ಗಂಟೆಗಟ್ಟಲೆ ಕಾವು ಬೇಕು. ಅವಸರ ಮಾಡಿದರೆ ಮಾಂಸ ಬೆಂದಿದ್ದರೂ ಜಗಿಯಲು ಬಾರದು.

ಪುಡಿ ಮಾಡುವ ಬಗೆ

ಇಷ್ಟು ತಿಳಿದ ಮೇಲೆ ಮೊದಲ ನಿಯಮ ತಾನಾಗಿ ಹೊಳೆಯುತ್ತದೆ: ಉಪ್ಪನ್ನು ಪುಡಿಯಲ್ಲಿ ಬೆರೆಸಬೇಡಿ. ಉಪ್ಪಿನ ಅಳತೆ ಮಾಂಸದ ತೂಕವನ್ನು ಅವಲಂಬಿಸುತ್ತದೆ, ಪುಡಿಯ ಅಳತೆ ಮೇಲ್ಮೈಯನ್ನು ಅವಲಂಬಿಸುತ್ತದೆ. ಎರಡನ್ನೂ ಒಂದೇ ಬಾಟಲಿಗೆ ಹಾಕಿದರೆ, ಖಾರ ಹೆಚ್ಚು ಬೇಕೆಂದಾಗ ಉಪ್ಪೂ ಹೆಚ್ಚಾಗುತ್ತದೆ. ಮನೆಯಲ್ಲಿ ರಕ್ತದೊತ್ತಡ ಇರುವ ಹಿರಿಯರಿದ್ದರೆ ಇದು ಸಣ್ಣ ಮಾತಲ್ಲ.

ಸುಮಾರು 100 ಗ್ರಾಂ ಪುಡಿಗೆ ಬೇಕಾದ ಅಳತೆ ಹೀಗಿದೆ: ಮೆಣಸಿನಕಾಯಿ ಪುಡಿ 35 ಗ್ರಾಂ, ಕಂದು ಸಕ್ಕರೆ 35 ಗ್ರಾಂ, ಕಾಳುಮೆಣಸು 10 ಗ್ರಾಂ, ಒಣ ಬೆಳ್ಳುಳ್ಳಿ ಪುಡಿ 8 ಗ್ರಾಂ, ಒಣ ಈರುಳ್ಳಿ ಪುಡಿ 5 ಗ್ರಾಂ, ಜೀರಿಗೆ 4 ಗ್ರಾಂ, ಸಾಸಿವೆ 3 ಗ್ರಾಂ.

ಅಮೆರಿಕದಲ್ಲಿ ಇದಕ್ಕೆ ಪ್ಯಾಪ್ರಿಕಾ ಎಂಬ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಮೆಣಸಿನಕಾಯಿ ಪುಡಿಯನ್ನು ಬಳಸುತ್ತಾರೆ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಅದಕ್ಕೆ ಬಹಳ ಹತ್ತಿರದ್ದು. ಕಡು ಕೆಂಪು ಬಣ್ಣಕ್ಕೆ ಹೆಸರಾದ ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಪ್ಯಾಪ್ರಿಕಾಗಿಂತ ಇದರ ಖಾರ ಸ್ವಲ್ಪ ಹೆಚ್ಚು. ಅದನ್ನು ತಗ್ಗಿಸಲು ಕಾಯಿಯನ್ನು ಸೀಳಿ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳನ್ನು ತೆಗೆದುಹಾಕಿ. ಖಾರ ಬಹುಪಾಲು ಇರುವುದು ಆ ತಿರುಳಿನಲ್ಲೇ. ಕಂದು ಸಕ್ಕರೆ ಎಂದರೆ ಕಾಕಂಬಿಯ ಅಂಶವಿರುವ ಸಕ್ಕರೆ. ಅದು ಸಿಗದಿದ್ದರೆ ಬೆಲ್ಲದ ಪುಡಿ ಆಗಬಹುದು. ಆದರೆ ಬೆಲ್ಲ ಗಾಳಿಯ ತೇವವನ್ನು ಹೀರಿ ಗಂಟು ಕಟ್ಟುತ್ತದೆ. ಆದ್ದರಿಂದ ಅದನ್ನು ಬಳಸುವ ದಿನವೇ ಬೆರೆಸಿಕೊಳ್ಳಿ.

ಜೀರಿಗೆಯನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿದು, ಆರಿದ ಮೇಲೆ ಪುಡಿಮಾಡಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಬಿಸಿಯಾದರೆ ಪರಿಮಳದ ಎಣ್ಣೆಗಳು ಹಾರಿಹೋಗುತ್ತವೆ. ಎಲ್ಲವನ್ನೂ ಬೆರೆಸಿ ಜರಡಿ ಹಿಡಿದು, ಒಣಗಿದ ಗಾಜಿನ ಬಾಟಲಿಯಲ್ಲಿ ತುಂಬಿ, ಬೆಳಕು ಬೀಳದ ಕಡೆ ಇಡಿ. ಬೆಳಕಿಗೆ ಮೆಣಸಿನಕಾಯಿಯ ಬಣ್ಣ ಮಂಕಾಗುತ್ತದೆ. ಎರಡು ಮೂರು ತಿಂಗಳಲ್ಲಿ ಬಳಸಿ ಮುಗಿಸುವುದು ಒಳ್ಳೆಯದು.

ಬಳಸುವ ಕ್ರಮ

ಎಲುಬಿನ ಬದಿಯಲ್ಲಿರುವ ತೆಳು ಪೊರೆಯನ್ನು ಎಳೆದು ತೆಗೆಯಿರಿ. ಎಲುಬು ಸೇರಿ 1 ಕಿಲೋ ಮಾಂಸಕ್ಕೆ ಸುಮಾರು 8 ಗ್ರಾಂ ಉಪ್ಪು ಸವರಿ, ಮುಚ್ಚಿ, ಕೆಲವು ಗಂಟೆ ಅಥವಾ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಒಲೆಗೆ ಇಡುವ ಮುನ್ನ 25ರಿಂದ 30 ಗ್ರಾಂ ಪುಡಿ ಸವರಿದರೆ ಸಾಕು. ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್‌ನಲ್ಲಿ, ತುಂಡಿನ ದಪ್ಪಕ್ಕೆ ತಕ್ಕಂತೆ 3ರಿಂದ 5 ಗಂಟೆ ಬೇಕಾಗುತ್ತದೆ. ಮಾಂಸದ ಒಳಗಿನ ಉಷ್ಣತೆ 90 ಡಿಗ್ರಿ ದಾಟಿ, ಎಲುಬಿನಿಂದ ಸುಲಭವಾಗಿ ಬಿಡಿಸಿಕೊಂಡರೆ ಬೆಂದಿತೆಂದು ತಿಳಿಯಿರಿ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಬೇಕಾದಷ್ಟು ಪುಡಿಯನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದುಕೊಳ್ಳಿ. ಹಸಿ ಮಾಂಸ ಮುಟ್ಟಿದ ಕೈಯನ್ನು ಬಾಟಲಿಗೆ ಹಾಕಬೇಡಿ, ಬಟ್ಟಲಿನಲ್ಲಿ ಉಳಿದದ್ದನ್ನು ಬಾಟಲಿಗೆ ಸುರಿಯಬೇಡಿ. ಹಸಿ ಮಾಂಸದಲ್ಲಿರಬಹುದಾದ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳು ಒಣ ಪುಡಿಯಲ್ಲೂ ಬಹುಕಾಲ ಬದುಕಿರಬಲ್ಲವು.

ಮನೆಯಲ್ಲೇ ಏಕೆ?

ಅಂಗಡಿಯಲ್ಲಿ ಪುಡಿ ಸಿಗುವಾಗ ಈ ಶ್ರಮ ಏಕೆ ಎಂದು ಕೇಳಬಹುದು. 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಅವುಗಳಲ್ಲಿದ್ದ ಒಂದು ಸಾಸ್‌ಗೆ ಬಳಸಿದ ಮೆಣಸಿನಕಾಯಿ ಪುಡಿಯಲ್ಲಿ 'ಸುಡಾನ್-1' ಎಂಬ ಬಣ್ಣ ಪತ್ತೆಯಾಗಿತ್ತು. ಎಣ್ಣೆ, ಮೇಣಗಳಿಗೆ ಬಣ್ಣ ಕೊಡುವ ಈ ಕೈಗಾರಿಕಾ ವಸ್ತುವನ್ನು ಆಹಾರದಲ್ಲಿ ಬಳಸುವಂತಿಲ್ಲ. ಲೋಟದ ನೀರಿಗೆ ಪುಡಿ ಉದುರಿಸಿ ನೋಡುವ ಮನೆಯ ಪರೀಕ್ಷೆಯಲ್ಲಿ, ನೀರಿನಲ್ಲಿ ಕರಗುವ ಬಣ್ಣವಿದ್ದರೆ ಗೆರೆಗೆರೆಯಾಗಿ ಇಳಿಯುವುದು ಕಾಣುತ್ತದೆ. ಆದರೆ ಸುಡಾನ್ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಆ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಇಡೀ ಕಾಯಿಯನ್ನು ಕಣ್ಣಾರೆ ನೋಡಿ ಆರಿಸಿ ಪುಡಿಮಾಡಿಕೊಂಡರೆ ಈ ಚಿಂತೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ನೀವೇ ಮಾಡಿ ನೋಡಿ

ಉಪ್ಪು ಹಾಕದೆ ಬೇಯಿಸಿದ ಆಲೂಗಡ್ಡೆಯಿಂದ ಒಂದೇ ಅಳತೆಯ ಎರಡು ದಪ್ಪ ತುಂಡುಗಳನ್ನು ಕತ್ತರಿಸಿ. ಒಂದಕ್ಕೆ ಮೆಣಸಿನಕಾಯಿ ಪುಡಿ ಮಾತ್ರ, ಇನ್ನೊಂದಕ್ಕೆ ಮೆಣಸಿನಕಾಯಿ ಪುಡಿ ಮತ್ತು ಉಪ್ಪು ಸವರಿ, ಮುಚ್ಚಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹೊರಗಿನ ಪುಡಿಯನ್ನು ಒರೆಸಿ, ಅಡ್ಡಲಾಗಿ ಕತ್ತರಿಸಿ. ಕೆಂಪು ಬಣ್ಣ ಎಷ್ಟು ಆಳಕ್ಕೆ ಇಳಿದಿದೆ? ಅಳತೆಪಟ್ಟಿ ಇಟ್ಟು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಆಮೇಲೆ ಶುಭ್ರವಾದ ಚಾಕುವಿನಿಂದ ಎರಡರ ನಟ್ಟನಡುವಿನ ಚೂರುಗಳನ್ನು ತೆಗೆದು ರುಚಿ ನೋಡಿ. ಯಾವುದು ಉಪ್ಪಾಗಿದೆ? ಯಾವುದಾದರೂ ಖಾರವಾಗಿದೆಯೇ?

ಮನೆಯಲ್ಲಿ ಹಿರಿಯರು ಹೇಳುವ ಮಾತು ಪೂರ್ತಿ ಸುಳ್ಳಲ್ಲ. ರಾತ್ರಿಯಿಡೀ ಇಟ್ಟರೆ ರುಚಿ ಹೆಚ್ಚುವುದು ನಿಜ, ಅದಕ್ಕೆ ಅವರು ಕೊಟ್ಟ ಕಾರಣ ಮಾತ್ರ ಬೇರೆ. ಅನುಭವವನ್ನು ಗೌರವಿಸಿ, ಕಾರಣವನ್ನು ಪರೀಕ್ಷಿಸಿ. ನಿಮ್ಮ ಆಲೂಗಡ್ಡೆ ಏನು ಹೇಳಿತೆಂಬುದನ್ನು ನಮಗೂ ಬರೆದು ತಿಳಿಸಿ.