ಪ್ರಮಾಣಿತ ಅಗ್ನಿಶಾಮಕ ಸಾಧನಗಳು: ಸದಾಶಿವ ಪೇಠದ ನಿದರ್ಶನ

ಪುಣೆ ನಗರದ ಸದಾಶಿವ ಪೇಠದಲ್ಲಿರುವ ವಿಶ್ರಾಮಬಾಗ್ ವಾಡೆಯು ಎರಡನೆಯ ಬಾಜೀರಾಯ ಪೇಶ್ವೆಯು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಅರಮನೆ. ಮರದ ಕೆತ್ತನೆಗೆ ಹೆಸರಾದ ಈ ಕಟ್ಟಡದಲ್ಲಿ 1821ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. 1879ರ ಮೇ ತಿಂಗಳಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಇದರ ಒಂದು ಭಾಗ ಆಹುತಿಯಾಯಿತು. ಸಮೀಪದ ಬುಧವಾರ ವಾಡೆಯಂತೂ ಉಳಿಯಲೇ ಇಲ್ಲ. ಅದಕ್ಕೆ ಅರ್ಧ ಶತಮಾನ ಮೊದಲು, 1828ರಲ್ಲಿ, ಶನಿವಾರ ವಾಡೆಯು ಹಲವು ದಿನಗಳ ಕಾಲ ಉರಿದಿತ್ತು. ಇಂದು ಅಲ್ಲಿ ಪ್ರವಾಸಿಗರು ಕಾಣುವುದು ಕೋಟೆಗೋಡೆ, ಹೆಬ್ಬಾಗಿಲು ಮತ್ತು ಅಡಿಪಾಯಗಳನ್ನು ಮಾತ್ರ.

ವಾಡೆಗಳ ರಚನೆಯೇ ಬೆಂಕಿಗೆ ಅನುಕೂಲಕರವಾದುದು. ಕಂಬ, ತೊಲೆ, ಮಹಡಿ, ಮೆಟ್ಟಿಲು ಎಲ್ಲವೂ ಒಣಗಿದ ಮರ. ಮರದ ಮೆಟ್ಟಿಲು ಹತ್ತಿಕೊಂಡರೆ ಮೇಲಿನವರಿಗೆ ಇಳಿಯುವ ದಾರಿಯೇ ಇಲ್ಲ. ಪೇಠದ ಇಕ್ಕಟ್ಟಾದ ಓಣಿಗಳಲ್ಲಿ ಅಗ್ನಿಶಾಮಕ ವಾಹನವು ಮನೆಬಾಗಿಲಿಗೆ ಬರುವುದೂ ಕಷ್ಟ. ಅನೇಕ ವಾಡೆಗಳಿದ್ದೆಡೆ ಈಗ ಬಹುಮಹಡಿ ಕಟ್ಟಡಗಳು ಎದ್ದಿವೆ; ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ವಿದ್ಯಾರ್ಥಿಗಳ ಕೊಠಡಿಗಳು, 'ಅಭ್ಯಾಸಿಕೆ' ಎಂದು ಕರೆಯುವ ವಾಚನಗೃಹಗಳು ತುಂಬಿವೆ. ಮರ ಕಡಿಮೆಯಾಯಿತು, ವಿದ್ಯುತ್ ತಂತಿ, ಕಾಗದ, ಜನಸಂದಣಿ ಹೆಚ್ಚಾದವು. ಇಂತಹ ಕಡೆ ಮೊದಲ ಕೆಲವು ನಿಮಿಷಗಳು ಅಲ್ಲಿರುವವರ ಕೈಯಲ್ಲೇ ಇರುತ್ತವೆ, ಅವರ ಕೈಗೆ ಸಿಗುವ ಸಾಧನವು ಕೆಲಸಮಾಡುವಂತಿದ್ದರೆ.

ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರುಗಳೆಲ್ಲ ಹೊರನೋಟಕ್ಕೆ ಒಂದೇ. ಅವುಗಳ ದೋಷವು ಬೆಂಕಿ ಬಿದ್ದ ದಿನವೇ ತಿಳಿಯುತ್ತದೆ ಎಂಬುದು ಇಲ್ಲಿನ ವಿಶೇಷ ತೊಡಕು. ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಅಂಗಡಿಗೆ ಹಿಂದಿರುಗಿಸಬಹುದು. ಇದಕ್ಕೆ ಆ ಅವಕಾಶವಿಲ್ಲ. ಆದ್ದರಿಂದಲೇ ಭಾರತೀಯ ಮಾನಕ ಬ್ಯೂರೋದ ಐಎಸ್ 15683 ಮಾನಕವು, ಕೈಯಲ್ಲಿ ಒಯ್ಯುವ ಅಗ್ನಿಶಾಮಕಗಳ ಸಿಲಿಂಡರು ಒತ್ತಡವನ್ನು ತಾಳುವುದೇ, ಒಳಗಿನ ದ್ರವ್ಯವು ಸರಿಯಾಗಿ ಹೊರಚಿಮ್ಮುವುದೇ, ನಿಗದಿತ ಗಾತ್ರದ ನಿಜವಾದ ಬೆಂಕಿಯನ್ನು ಆರಿಸುವುದೇ ಎಂಬ ಪರೀಕ್ಷೆಗಳನ್ನು ವಿಧಿಸುತ್ತದೆ. ತೇರ್ಗಡೆಯಾದ ಮಾದರಿಗೆ ಐಎಸ್‌ಐ ಗುರುತು ಹಾಕಲು ತಯಾರಕರಿಗೆ ಪರವಾನಗಿ ದೊರೆಯುತ್ತದೆ. ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ, ಕೆಳಗೆ 'ಸಿಎಂ/ಎಲ್' ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರತಕ್ಕದ್ದು. ಸಂಖ್ಯೆಯಿಲ್ಲದ ಗುರುತನ್ನು ನಂಬಲಾಗದು. ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ಪ್ರಮಾಣಿತ ಸಾಧನವಾದರೂ ಸ್ಥಳಕ್ಕೆ ಹೊಂದಬೇಕು. ಮರ, ಕಾಗದ, ಬಟ್ಟೆಯ ಬೆಂಕಿ 'ಎ' ವರ್ಗದ್ದು. ಪೆಟ್ರೋಲು, ಸೀಮೆಎಣ್ಣೆಯಂತಹ ದ್ರವಗಳದು 'ಬಿ'. ಅಡುಗೆ ಅನಿಲದಂತಹವುಗಳದು 'ಸಿ'. ಉರಿಯುವ ಎಣ್ಣೆಗೆ ನೀರು ಸುರಿದರೆ ಜ್ವಾಲೆ ಮೇಲೆದ್ದು ಚೆಲ್ಲುತ್ತದೆ. ವಿದ್ಯುತ್ ಫಲಕಕ್ಕೆ ನೀರು ಸಲ್ಲದು. ಅಲ್ಲಿ ಇಂಗಾಲದ ಡೈಆಕ್ಸೈಡ್ ಸೂಕ್ತ. ದೊಡ್ಡ ಕಟ್ಟಡಗಳ ಛಾವಣಿಯ ಸ್ಪ್ರಿಂಕ್ಲರುಗಳ ಬಗೆಗೆ ಒಂದು ತಪ್ಪುಕಲ್ಪನೆಯಿದೆ: ಒಂದು ತೆರೆದರೆ ಎಲ್ಲವೂ ನೀರು ಸುರಿಸುತ್ತವೆ ಎಂದು. ಸಾಮಾನ್ಯ ಬಗೆಯಲ್ಲಿ ಪ್ರತಿಯೊಂದಕ್ಕೂ ದ್ರವ ತುಂಬಿದ ಪುಟ್ಟ ಗಾಜಿನ ಬುರುಡೆಯಿದ್ದು, ಕೆಂಪು ಬಣ್ಣದ್ದು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆಯುತ್ತದೆ. ಬಿಸಿ ತಾಗಿದವು ಮಾತ್ರ ತೆರೆದುಕೊಳ್ಳುತ್ತವೆ.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆ ಮಹಡಿಗಳನ್ನು ಆವರಿಸಿ 9 ಮಂದಿ ಮೃತರಾದರು. ಸಾಧನದಷ್ಟೇ ತೆರೆದ ನಿರ್ಗಮನ ದಾರಿಯೂ ಅಗತ್ಯವೆಂಬುದನ್ನು ಕನ್ನಡಿಗರು ಅಂದು ಬಹಳ ಕಠಿಣವಾಗಿ ಅರಿತರು. ಮಹಾರಾಷ್ಟ್ರದ 2006ರ ಅಗ್ನಿ ಪ್ರತಿಬಂಧಕ ಕಾಯಿದೆಯಂತೆ, ಅದರ ವ್ಯಾಪ್ತಿಗೆ ಬರುವ ಕಟ್ಟಡಗಳ ಮಾಲೀಕರು ಅಥವಾ ನಿವಾಸಿಗಳು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ವ್ಯವಸ್ಥೆ ಸುಸ್ಥಿತಿಯಲ್ಲಿದೆಯೆಂಬ ಪರವಾನಗಿ ಪಡೆದ ಸಂಸ್ಥೆಯ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಕೊಠಡಿ ಬಾಡಿಗೆಗೆ ಹಿಡಿಯುವ ವಿದ್ಯಾರ್ಥಿಯ ತಂದೆತಾಯಿಗಳು ಬಾಡಿಗೆಯ ಜೊತೆಗೆ ಇದನ್ನೂ ವಿಚಾರಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಒತ್ತಡಮಾಪಕವಿರುವ ಸಾಧನಗಳಲ್ಲಿ ಮುಳ್ಳು ಹಸಿರು ಭಾಗದಲ್ಲಿರಬೇಕು. ಪಿನ್ನು ಮತ್ತು ಮೊಹರು ಅಲುಗಿರಬಾರದು. ಮುಂದಿನ ಪರೀಕ್ಷೆಯ ದಿನಾಂಕ ಮೀರಿರಬಾರದು. ಸ್ವಲ್ಪವೇ ಬಳಸಿದ್ದರೂ ಮರುಭರ್ತಿ ಮಾಡಿಸಬೇಕು. ಮರುಭರ್ತಿಗೆ ಒಯ್ಯುವವರು ಆ ಗೂಟದಲ್ಲಿ ಬದಲಿ ಸಾಧನವೊಂದನ್ನು ಇಟ್ಟು ಹೋಗುವಂತೆ ಕೇಳಿರಿ.